ಬರೀ ಒಂದು ನಗೋ ಎಮೋಜಿ ಹಾಕಿದ್ದಕ್ಕೆ ಇಷ್ಟೆಲ್ಲಾನಾ?

ಮೇಡಂ, ನಿಮ್ಮ ಪತ್ರ ಸಿಕ್ತು. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಆದ್ರೆ ಬೇರೆ ಓದುಗರಿಗೂ ಗೊತ್ತಾಗ್ಬೇಕಲ್ಲ, ಅದಕ್ಕೆ ವಿಷಯ ಚುಟುಕಾಗಿ ಹೇಳ್ಬಿಡ್ತೀನಿ. ನಿಮ್ಮ ಮಗ ಒಂಬತ್ತನೇ ಕ್ಲಾಸು. ಕ್ಲಾಸಿನ ಮಕ್ಕಳದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ, ದೊಡ್ಡೋರು ಯಾರೂ ಇಲ್ಲ. ಟ್ರಿಪ್ಪಿಗೆ ಹೋಗಿದ್ದಾಗ ಬಸ್ಸಲ್ಲಿ ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿದ್ದ ಹುಡುಗನ ಫೋಟೋ ಯಾರೋ ತೆಗ್ದು, ಸ್ಟಿಕರ್ ಮಾಡಿ ರಾತ್ರಿ ಗ್ರೂಪಿಗೆ ಹಾಕಿದಾನೆ. ಕೆಳಗೆ 19 ಜನ ನಗೋ ಎಮೋಜಿ ಒತ್ತಿದಾರೆ, ಅದ್ರಲ್ಲಿ ನಿಮ್ಮ ಮಗನೂ ಒಬ್ಬ. ಆಮೇಲೆ ಅದೇ ಸ್ಟಿಕರ್ ದಿನಾ ಬರೋಕೆ ಶುರುವಾಯ್ತು, ಪರೀಕ್ಷೆ ವಿಷಯ ಬಂದ್ರೂ ಅದೇ, ಗುಡ್ ಮಾರ್ನಿಂಗಿಗೂ ಅದೇ. ಆ ಹುಡುಗ ಸ್ಕೂಲಿಗೆ ಬರೋದು ಬಿಟ್ಟ. ಸ್ಕೂಲಿನೋರು 19 ಜನರನ್ನೂ ಕರೆಸಿ, ಅವನ ಮುಂದೆ ಸಾಲಾಗಿ ನಿಲ್ಲಿಸಿ ಸಾರಿ ಕೇಳಿಸಿದ್ರು. ನಿಮಗೆ ಸಿಟ್ಟು ಬಂದಿರೋದು ಅದಕ್ಕೇ. "ನನ್ನ ಮಗ ಫೋಟೋ ತೆಗ್ದಿಲ್ಲ, ಒಂದಕ್ಷರ ಬರೆದಿಲ್ಲ, ಎಲ್ರೂ ನಕ್ರು ಅಂತ ಅವನೂ ನಕ್ಕಿದಾನೆ, ಅಷ್ಟಕ್ಕೇ ತಪ್ಪಿತಸ್ಥನಾ?" ಅಂತ ಕೇಳಿದೀರಿ. ಜೊತೆಗೆ, ಫೋನ್ ಕಿತ್ಕೊಂಡ್ಬಿಡ್ಲಾ ಅಂತಾನೂ.

ಮೊದಲ್ನೇದಕ್ಕೆ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೌದು, ಅವನ ಪಾಲೂ ಇದೆ.

ಆ ಹುಡುಗ ಬೆಳಿಗ್ಗೆ ಎದ್ದು ಫೋನ್ ನೋಡಿದಾಗ ಏನು ಕಂಡಿರ್ಬೇಕು ಅಂತ ಒಂದ್ಸಲ ಯೋಚ್ನೆ ಮಾಡಿ. ಸ್ಟಿಕರ್ ಹಾಕಿದೋನು ಒಬ್ಬ. ಅವನೇನೂ ಹೊಸಬ ಅಲ್ಲ, ಮೊದ್ಲಿಂದ್ಲೂ ಅವನ ಬುದ್ಧಿ ಅಷ್ಟೇ ಅಂತ ಬಿಟ್ಬಿಡಬಹುದಿತ್ತು. ಆದ್ರೆ ಕೆಳಗೆ 19 ಅಂತ ಒಂದು ನಂಬರ್ ಇದೆಯಲ್ಲ, ಅದನ್ನ ಒತ್ತಿದ್ರೆ ಯಾರ್ಯಾರು ನಕ್ರು ಅಂತ ಹೆಸರು ಸಮೇತ ಲಿಸ್ಟ್ ಬರತ್ತೆ. ಒತ್ತದೇ ಇರ್ತಾನಾ? ಒಂದೊಂದೇ ಹೆಸರು ನೋಡ್ಕೊಂಡು ಹೋಗಿರ್ತಾನೆ. ನಿಮ್ಮ ಪತ್ರದ ಕೊನೇಲಿ ನೀವೇ ಬರೆದಿದೀರಿ, ಹೋದ ವರ್ಷದ ತನಕ ಆ ಹುಡುಗ ನಿಮ್ಮನೆಗೆ ಆಡೋಕೆ ಬರ್ತಿದ್ದ ಅಂತ. ಹಾಗಾದ್ರೆ ಆ ಲಿಸ್ಟಲ್ಲಿ ಅವನ ಕಣ್ಣು ಯಾವ ಹೆಸರ ಮೇಲೆ ನಿಂತಿರತ್ತೆ ಅಂತ ನಾನು ಹೇಳ್ಬೇಕಾ?

ಇದು ನನ್ನ ಮನಸಿಗೆ ತೋಚಿದ ಮಾತಷ್ಟೇ ಅಲ್ಲ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಅಂತ ಒಬ್ರು ಮನಶ್ಶಾಸ್ತ್ರಜ್ಞೆ ಇದಾರೆ. ಕ್ಲಾಸಲ್ಲಿ ಒಬ್ಬನನ್ನ ಗೋಳು ಹುಯ್ಕೊಳ್ಳುವಾಗ ಉಳಿದ ಮಕ್ಕಳು ಏನು ಮಾಡ್ತಿರ್ತಾರೆ ಅಂತ ಅವರೂ ಅವರ ಜೊತೆಯೋರೂ ಅಧ್ಯಯನ ಮಾಡಿ 1996ರಲ್ಲೇ ಬರೆದ್ರು. ಶುರು ಮಾಡೋನು ಒಬ್ಬ, ಕೈ ಜೋಡಿಸೋರು ಕೆಲವರು, ನಕ್ಕು ಹುರಿದುಂಬಿಸೋರು ಕೆಲವರು, ನಮಗ್ಯಾಕೆ ಅಂತ ಪಕ್ಕಕ್ಕೆ ಸರಿಯೋರು ಇನ್ನು ಕೆಲವರು, ಆ ಹುಡುಗನ ಪರ ನಿಲ್ಲೋರೂ ಇರ್ತಾರೆ. ನಿಮ್ಮ ಮಗ ಆ ಹುರಿದುಂಬಿಸೋ ಗುಂಪಲ್ಲಿ ಬಂದ. ಅಲ್ಲಿಯ ಶಾಲೆಗಳಲ್ಲಿ ನಡೆಸೋ ಕಿವಾ ಅನ್ನೋ ಕಾರ್ಯಕ್ರಮ ನಿಂತಿರೋದೇ ಇದರ ಮೇಲೆ: ತಂಟೆ ಮಾಡೋನ ಒಬ್ಬನ ಹಿಂದೆ ಬೀಳೋದಲ್ಲ, ಸುತ್ತ ನಿಂತು ನಗೋರನ್ನ ಬದಲಾಯಿಸಿ ಅಂತ. ನೋಡೋರೇ ಇಲ್ಲ ಅಂದ್ರೆ ಎಂಥ ಮಾತುಗಾರನೂ ಸುಮ್ನಾಗ್ತಾನೆ.

ಹುಡುಗ್ರು ಅಂದ್ಮೇಲೆ ಕಾಲೆಳೆಯೋದು ಇದ್ದಿದ್ದೇ ಅಂತ ನೀವು ಬರೆದಿದೀರಿ. ನಿಜ, ಆದ್ರೆ ಕಾಲೆಳೆಯೋದೇ ಬೇರೆ, ಗೋಳು ಹುಯ್ಕೊಳ್ಳೋದೇ ಬೇರೆ. ಕಾಲೆಳೆದ್ರೆ ಇವತ್ತು ನಿಂದು ನಾಳೆ ನಂದು, ಇಬ್ರೂ ನಗ್ತಾರೆ. ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಒಲ್ವೇಯಸ್ ಅನ್ನೋರು 1970ರ ದಶಕದಿಂದಲೇ ಇದನ್ನ ಅಧ್ಯಯನ ಮಾಡ್ತಾ ಬಂದು ಮೂರು ಗುರುತು ಹೇಳಿದ್ರು, ಬೇಕಂತಲೇ ನೋಯಿಸೋದು, ಮತ್ತೆ ಮತ್ತೆ ಮಾಡೋದು, ಎದುರಿನೋನಿಗೆ ತಿರುಗಿ ಹೇಳೋಕೆ ಬಲ ಇಲ್ದೇ ಇರೋದು. ಫೋನಿಗೆ ಬಂದ್ಮೇಲೆ ಈ ಲೆಕ್ಕ ಸ್ವಲ್ಪ ತಲೆಕೆಳಗಾಗಿದೆ. ಸ್ಟಿಕರ್ ಮಾಡಿದೋನು ಮಾಡಿದ್ದು ಒಂದೇ ಸಲ, ಆದ್ರೆ ಬೇರೆಯೋರು ದಿನಾ ಕಳಿಸ್ತಾನೇ ಇದಾರೆ. ಬಲ ಅಂದ್ರೆ ಮೈಕಟ್ಟು ಅಂತ ಏನಿಲ್ಲ, 19 ಅನ್ನೋ ನಂಬರೇ ಬಲ.

ನಂದೂ ಒಂದು ಹೇಳ್ಬಿಡ್ತೀನಿ. ನಾವು ಓದ್ವಾಗ ಕ್ಲಾಸಲ್ಲಿ ಒಬ್ಬನಿಗೆ ಮಾತು ತೊದಲ್ತಿತ್ತು. ಅವನು ಪಾಠ ಓದೋಕೆ ಎದ್ದು ನಿಂತ್ರೆ ಹಿಂದಿನ ಬೆಂಚಿನೋರು ಅದೇ ತರ ಅಂತಿದ್ರು, ನಾನು ಅಂತಿರ್ಲಿಲ್ಲ, ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ದೆ. ಒಂದಿನ ಅವನು ಪುಸ್ತಕದಿಂದ ತಲೆ ಎತ್ತಿ ನನ್ನ ಕಡೆನೇ ನೋಡ್ದ. ಕಿವಿ ಕೆಂಪಾಗಿತ್ತು, ಹೆಬ್ಬೆರಳು ಪುಟದ ಅದೇ ಸಾಲಿನ ಮೇಲೆ ಒತ್ತಿ ಹಿಡಿದಿದ್ದ. ಅವತ್ತೇ ನನ್ನ ನಗು ನಿಂತುಹೋಯ್ತು. ಈಗಿನ ಮಕ್ಕಳಿಗೆ ಆ ಮುಖ ಕಾಣೋದೇ ಇಲ್ಲ ಮೇಡಂ. ಎದುರಿಗೆ ಮುಖ ಇಲ್ದಾಗ ಮನುಷ್ಯ ಲಂಗುಲಗಾಮಿಲ್ದೆ ಆಡ್ತಾನೆ ಅಂತ ಜಾನ್ ಸುಲರ್ ಅನ್ನೋ ಮನಶ್ಶಾಸ್ತ್ರಜ್ಞ 2004ರಲ್ಲಿ ಬರೆದಿದ್ದು ಇದನ್ನೇ. ಇನ್ನೊಂದು ಏನಂದ್ರೆ ನಮ್ಮ ಕಾಲದಲ್ಲಿ ಗಂಟೆ ಹೊಡೆದ್ರೆ ಆ ಹುಡುಗ ಮನೆಗೆ ಹೋಗಿ ಬಚಾವಾಗ್ತಿದ್ದ, ಈಗ ಹಾಸಿಗೆ ಒಳಗೂ ಬರತ್ತೆ.

ಹಾಗಂತ ನಿಮ್ಮ ಮಗ ಕೆಟ್ಟೋನು ಅಂತ ನಾನು ಹೇಳ್ತಿಲ್ಲ. ಬಹಳಷ್ಟು ಮಕ್ಕಳು ಎಮೋಜಿ ಒತ್ತೋದು ನಗು ಬಂದು ಅಲ್ಲ, ಹೆದರಿಕೆಗೆ. ಒತ್ತದೇ ಇದ್ರೆ ನಾಳೆ ಸ್ಟಿಕರ್ ಆಗೋದು ನಾನೇ ಅಂತ. ಒಂದು ಕೆಲಸ ಮಾಡಿ, ಊಟಕ್ಕೆ ಕೂತಾಗ "ನೀನು ಒತ್ತದೇ ಇದ್ದಿದ್ರೆ ಏನಾಗ್ತಿತ್ತು?" ಅಂತ ಕೇಳಿ, ಬೈಯ್ಬೇಡಿ, ಸುಮ್ನೆ ಕೇಳಿ ಸುಮ್ನಿರಿ.

ಸ್ಕೂಲಿನೋರು ಮಾಡಿದ್ದು ಮಾತ್ರ ನನಗೂ ಸರಿ ಕಾಣ್ಲಿಲ್ಲ, ಆದ್ರೆ ನಿಮ್ಮ ಕಾರಣಕ್ಕಲ್ಲ. 19 ಜನರನ್ನ ಆ ಹುಡುಗನ ಮುಂದೆ ನಿಲ್ಲಿಸಿದ್ರೆ ಮತ್ತೆ ಅದೇ ಗುಂಪು, ಅದೇ ಕಣ್ಣುಗಳು. ನಿನಗೆ ಇದು ಬೇಕಾ ಅಂತ ಅವನನ್ನ ಒಂದು ಮಾತು ಕೇಳಿದ್ರಾ? ನಿಮ್ಮ ಪತ್ರದಲ್ಲಿ ಅದಿಲ್ಲ. ಅಂಥ ಸಾರಿ ಸ್ಕೂಲಿನ ರಿಜಿಸ್ಟರಿಗೆ ಸರಿ. ನಿಮ್ಮ ಮಗನಿಗೆ ಹೇಳಿ, ಗ್ರೂಪಲ್ಲಿ ಅಲ್ಲ, ಅವನಿಗೊಬ್ಬನಿಗೇ ಮೆಸೇಜ್ ಮಾಡ್ಲಿ. "ನಿನಗೆ ಬೇಜಾರಾಗಿದ್ರೆ ಸಾರಿ" ಅಂತ ಬರೆಯೋದಾದ್ರೆ ಬೇಡ, ಅದು ತಪ್ಪನ್ನ ಅವನ ತಲೆಗೇ ಕಟ್ಟಿದ ಹಾಗೆ. "ಅವತ್ತು ನಾನೂ ನಕ್ಕೆ, ತಪ್ಪು ಮಾಡ್ದೆ. ಆ ಸ್ಟಿಕರ್ ಇನ್ನು ಯಾರಾದ್ರೂ ಹಾಕಿದ್ರೆ ತೆಗಿ ಅಂತ ನಾನೇ ಹೇಳ್ತೀನಿ" ಅಂತ ಬರೆದ್ರೆ ಸಾಕು. ಉತ್ತರ ಬರ್ದೇ ಇರಬಹುದು. ಬರ್ಲೇಬೇಕು ಅಂತ ಕಾಯೋದೂ ಬೇಡ.

ಫೋನ್ ಕಿತ್ಕೋಬೇಡಿ. ಮಕ್ಕಳು ಇಂಥದ್ದನ್ನ ಮನೇಲಿ ಹೇಳ್ದೇ ಮುಚ್ಚಿಡೋಕೆ ಒಂದು ದೊಡ್ಡ ಕಾರಣನೇ, ಹೇಳಿದ್ರೆ ಫೋನ್ ಹೋಗತ್ತೆ ಅನ್ನೋದು. ನಾಳೆ ನಿಮ್ಮ ಮಗನದ್ದೇ ಸ್ಟಿಕರ್ ಬಂದಾಗ ಅವನು ನಿಮ್ಮ ಹತ್ರ ಬರ್ಬೇಕೋ ಬೇಡ್ವೋ?

ಆ ಹುಡುಗನ ಅಮ್ಮ ಸಿಕ್ಕಿದ್ರೆ ಇಷ್ಟು ಹೇಳಿ. ಮೊದ್ಲು ಸ್ಕ್ರೀನ್‌ಶಾಟ್, ಯಾರು ಹಾಕಿದ್ದು, ಯಾವಾಗ ಹಾಕಿದ್ದು ಅನ್ನೋದು ಕಾಣೋ ಹಾಗೆ. ರಿಪೋರ್ಟು, ಬ್ಲಾಕು ಎಲ್ಲ ಆಮೇಲೆ. ವಾಟ್ಸಾಪಲ್ಲಿ ನನ್ನನ್ನ ಯಾರು ಗ್ರೂಪಿಗೆ ಸೇರಿಸಬಹುದು ಅಂತ ಸೆಟ್ಟಿಂಗ್ಸಲ್ಲೇ ಕಟ್ಟು ಹಾಕಬಹುದು. ಬ್ಲಾಕ್ ಮಾಡಿದ್ರೆ ಇನ್ನೂ ಜೋರಾಗತ್ತೆ ಅಂತ ಹೆದರೋ ಮಕ್ಕಳಿಗೆ ಅಂತಲೇ ಇನ್‌ಸ್ಟಾಗ್ರಾಂ 2019ರಲ್ಲಿ ರಿಸ್ಟ್ರಿಕ್ಟ್ ಅನ್ನೋದನ್ನ ತಂತು, ಅದನ್ನ ಹಾಕಿದ್ರೆ ತಂಟೆ ಮಾಡೋನು ಬರೆದ ಕಾಮೆಂಟ್ ಅವನಿಗೆ ಕಾಣತ್ತೆ, ಬೇರೆ ಯಾರಿಗೂ ಕಾಣಲ್ಲ, ಹೀಗೆ ಮಾಡಿದಾರೆ ಅಂತ ಅವನಿಗೆ ಗೊತ್ತೂ ಆಗಲ್ಲ. ನಿಮ್ಮ ವಿಷಯಕ್ಕೆ ಸಂಬಂಧ ಇಲ್ಲ ಆದ್ರೂ ಬೇರೆ ಓದುಗರಿಗೋಸ್ಕರ ಹೇಳ್ತೀನಿ: 18 ತುಂಬದೇ ಇರೋರ ಬೆತ್ತಲೆ ಫೋಟೋ ಹರಿದಾಡೋ ಭಯ ಇದ್ರೆ ಟೇಕ್ ಇಟ್ ಡೌನ್ ಅನ್ನೋ ಉಚಿತ ಸೇವೆ ಇದೆ. ಫೋಟೋ ಫೋನ್ ಬಿಟ್ಟು ಎಲ್ಲೂ ಹೋಗಲ್ಲ, ಅದರದ್ದೊಂದು ಡಿಜಿಟಲ್ ಗುರುತು ಮಾತ್ರ ಹೋಗತ್ತೆ, ಅದ್ರ ಜೊತೆ ಸೇರಿರೋ ಕಂಪನಿಗಳು ಆ ಗುರುತು ಹಿಡಿದು ಫೋಟೋನ ತಡೀತವೆ. ಅಂಥ ಫೋಟೋನ ಸಾಕ್ಷಿ ಅಂತಾನೂ ಯಾರಿಗೂ ಫಾರ್ವರ್ಡ್ ಮಾಡ್ಬೇಡಿ. ಮತ್ತೆ, ಮಗು ಬದುಕಿರೋದೇ ಬೇಡ ಅನ್ನೋ ಮಾತಾಡಿದ್ರೆ ಇದೆಲ್ಲ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಒಂಟಿಯಾಗಿ ಬಿಡ್ಬೇಡಿ.

ಕೊನೇದಾಗಿ ಒಂದು. "ನೋಡಿ ಸಾರ್, ಇಷ್ಟೇ ಇದ್ದಿದ್ದು, ಇದ್ರಲ್ಲೇನಿದೆ" ಅಂತ ನೀವು ಪತ್ರದ ಜೊತೆ ಆ ಸ್ಟಿಕರನ್ನೂ ನನಗೆ ಕಳಿಸಿದ್ರಿ. ಆ ಹುಡುಗ ನಿದ್ದೆ ಮಾಡ್ತಿರೋದನ್ನ ನಾನೂ ನೋಡ್ದೆ. ಡಿಲೀಟ್ ಮಾಡಿದೀನಿ. ನಿಮ್ಮ ಫೋನಲ್ಲಿ ಇನ್ನೂ ಇರ್ಬೇಕು, ಮತ್ತೆ ನನ್ನೊಬ್ಬನಿಗೇ ಕಳಿಸಿದ್ರಾ ಅಥ್ವಾ ಇನ್ಯಾರಿಗಾದ್ರೂ ಕಳಿಸಿದೀರಾ?