ಉಡುಪಿ ಸುತ್ತಿನ ತೋಡುಗಳ ಆರೋಗ್ಯ ಅಳೆಯಲು ಹೋಲಿಕೆಗೆ ಜಿಲ್ಲೆಯ ಅತ್ಯಂತ ಶುದ್ಧ ಹೊಳೆ ಯಾವುದು? ಸೀತಾನದಿಯ ಮೇಲ್ಭಾಗ ಆಗಬಹುದಾ?

ಸೀತಾನದಿ ಅಂತ ಓದಿದ ಕೂಡಲೇ ನಗು ಬಂತು. ನಿಮ್ಮ ಮೇಲಲ್ಲ, ನನ್ನ ಮೇಲೆ. ಪಿಎಚ್‌ಡಿಯ ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ.

ಉಡುಪಿ-ಮಣಿಪಾಲ ಸುತ್ತಿನ ಐದು ತೋಡುಗಳನ್ನು ಆರಿಸಿಕೊಂಡಿದ್ದೆ. ನೀರಿನ ಹುಳಗಳನ್ನು ಹಿಡಿದು, ಎಣಿಸಿ, ಯಾವ ತೋಡು ಎಷ್ಟು ಕೆಟ್ಟಿದೆ ಅಂತ ಹೇಳುವುದು ಕೆಲಸ. ಕೆಟ್ಟಿದೆ ಅನ್ನಲು ಕೆಡದ ಒಂದು ಜಾಗ ಬೇಕಲ್ಲ? ಹೆಬ್ರಿ ದಾಟಿ ಆಗುಂಬೆ ಘಾಟಿಯ ಬುಡಕ್ಕೆ ಹೋದೆ. ದೊಡ್ಡ ದೊಡ್ಡ ಬಂಡೆ, ಮೇಲೆ ಕಾಡಿನ ನೆರಳು, ಕಾಲಿಟ್ಟರೆ ಕೊರೆಯುವ ನೀರು. ಕಲ್ಲು ಎತ್ತಿದರೆ ಅಡಿಯಲ್ಲಿ ಸ್ಟೋನ್‌ಫ್ಲೈ ಮರಿಗಳು, ಅಂದರೆ ಶುದ್ಧ ನೀರಿನಲ್ಲಿ ಮಾತ್ರ ಬದುಕುವ ಒಂದು ಕೀಟದ ಮರಿಗಳು. ಇದೇ ನನ್ನ ರೆಫರೆನ್ಸ್ ಜಾಗ, ಉಳಿದವನ್ನು ಹೋಲಿಸುವ ಮಾದರಿ ಜಾಗ, ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಎಷ್ಟು ಖುಷಿಯಾಗಿತ್ತೆಂದರೆ ಫೋಟೋ ತೆಗೆದು ಮನೆಯವರಿಗೂ ಕಳಿಸಿದ್ದೆ.

ಫಲಿತಾಂಶ ಬಂತು. ಸಿಕ್ಕ ಹುಳಗಳನ್ನು ನೋಡಿ ಪ್ರತಿ ಜಾಗಕ್ಕೂ ಅಂಕ ಕೊಡುವುದು ಕ್ರಮ. ಐದೂ ತೋಡುಗಳ ಅಂಕ ಘಾಟಿ ಹಳ್ಳದ ಅರ್ಧಕ್ಕೂ ಮುಟ್ಟಲಿಲ್ಲ. ಊರಿನ ತೋಡುಗಳೆಲ್ಲ ಹಾಳಾಗಿವೆ ಅಂತ ಸೆಮಿನಾರಿನಲ್ಲಿ ಜೋರಾಗಿ ಹೇಳಿದೆ. ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: "ನಾಲ್ಕನೇ ತೋಡು ನಾಗಬನದ ಹಿಂದೆ ಇದೆ ಅಂದಿರಲ್ಲ, ಅದಕ್ಕೆ ಎಂತ ಕೊಳಚೆ ಬೀಳ್ತದೆ?"

"ಎಂತದೂ ಇಲ್ಲ ಸರ್."

"ಮತ್ತೆ ಅದಕ್ಕೂ ಚರಂಡಿ ಸೇರುವ ತೋಡಿಗೂ ಒಂದೇ ಹಣೆಪಟ್ಟಿ ಯಾಕೆ?"

ನನ್ನ ಬಾಯಿ ಕಟ್ಟಿತು. ನಮ್ಮ ಗೈಡ್ ಮೇಡಂ ಸುಮ್ನೆ ತಮ್ಮ ಪುಸ್ತಕ ನೋಡುತ್ತಿದ್ದರು.

ಏನು ತಪ್ಪಾಯಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನೀವೂ ಅದೇ ದಾರಿಯಲ್ಲಿದ್ದೀರಿ. ಘಾಟಿ ಹಳ್ಳದಲ್ಲಿ ಬಂಡೆ, ಕಲ್ಲು, ಅವುಗಳ ಸಂದಿ. ಸ್ಟೋನ್‌ಫ್ಲೈ ಮರಿ ಬದುಕುವುದೇ ಆ ಸಂದಿಯಲ್ಲಿ, ರಭಸದ ನೀರಿನಲ್ಲಿ. ನಮ್ಮ ತೋಡುಗಳು ಮುರಕಲ್ಲಿನ (ಲ್ಯಾಟರೈಟ್) ನೆಲದವು. ತಳದಲ್ಲಿ ಮರಳು, ಜಲ್ಲಿ, ಕೊಳೆತ ಎಲೆ. ಇಳಿಜಾರು ಕಡಿಮೆ, ನೀರು ನಿಧಾನ. ತೆಂಕು-ಬಡಗು ಎರಡೂ ಯಕ್ಷಗಾನವೇ, ಆದರೆ ಒಂದರ ಹೆಜ್ಜೆ ಇಟ್ಟುಕೊಂಡು ಇನ್ನೊಂದಕ್ಕೆ ಅಂಕ ಕೊಡುತ್ತಾರಾ? ಇನ್ನು ಬಿಸಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿಯ ನೀರು ಎಷ್ಟೇ ಶುದ್ಧವಾಗಿರಲಿ, ಏಳೂವರೆಯ ಆಸುಪಾಸು ಅಷ್ಟೇ. ಮಳೆಯೂ ಬೇರೆ. ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು, ಆಗುಂಬೆಯಲ್ಲಿ 7000 ದಾಟುತ್ತದೆ.

ಇದರ ಮೇಲೆ ಅಂಕದ ಪಟ್ಟಿಯ ಆಟ. ನಾನು ಬಳಸಿದ್ದು ಬ್ರಿಟನ್ನಿನ ಬಿಎಂಡಬ್ಲ್ಯುಪಿ, ಅಂದರೆ ಕೊಳಚೆ ತಾಳದ ಹುಳದ ಕುಟುಂಬಕ್ಕೆ ಹೆಚ್ಚು, ತಾಳುವುದಕ್ಕೆ ಕಡಿಮೆ ಅಂಕ ಕೊಡುವ ಪಟ್ಟಿ. ಅದರಲ್ಲಿ ಪರ್ಲಿಡೇ ಕುಟುಂಬದ ಸ್ಟೋನ್‌ಫ್ಲೈಗೆ 10 ಅಂಕ, ಕೈರೊನೊಮಿಡ್ ಹುಳಗಳಿಗೆ (ಸೊಳ್ಳೆಯ ಹಾಗೆ ಕಾಣುವ, ಕಚ್ಚದ ನೊಣದ ಮರಿಗಳು) 2, ಎರೆಹುಳದ ಜಾತಿಗೆ 1. ಸ್ಟೋನ್‌ಫ್ಲೈ ಇರಲು ಸಾಧ್ಯವೇ ಇಲ್ಲದ ಮರಳಿನ ತೋಡಿಗೆ ಆ 10 ಯಾವ ಕಾಲಕ್ಕೂ ಸಿಗುವುದಿಲ್ಲ. ನೂರು ವರ್ಷ ಹಿಂದೆ ಹೋಗಿ ಬಲೆ ಹಾಕಿದ್ದರೂ ಸಿಗುತ್ತಿರಲಿಲ್ಲ. ಅಂದರೆ ನಾನು ಅಳೆದದ್ದು ಕೊಳಚೆಯನ್ನಲ್ಲ, ಘಾಟಿಗೂ ಬಯಲಿಗೂ ಇರುವ ವ್ಯತ್ಯಾಸವನ್ನು. ಅದಕ್ಕೆ ಬಲೆ ಬೇಕಿರಲಿಲ್ಲ, ಬಸ್ಸಿನ ಕಿಟಕಿ ಸಾಕಿತ್ತು.

ಹೋಲಿಕೆಯೇ ತಪ್ಪಾಗಿದ್ದ ಮೇಲೆ ತಿದ್ದಲು ಏನೂ ಉಳಿದಿರಲಿಲ್ಲ. ಹೊಸದಾಗಿ ಮಾದರಿ ತೆಗೆಯಲು ಮುಂದಿನ ಮಳೆಗಾಲ ಮುಗಿಯುವ ತನಕ ಕಾಯಬೇಕು. ವರ್ಷ ಹೋಯಿತು.

ಹಾಗಾಗಿ "ಅತ್ಯಂತ ಶುದ್ಧ ಹೊಳೆ ಯಾವುದು" ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಹುಡುಕಬೇಕಾದದ್ದು ನಿಮ್ಮ ತೋಡಿನ ಅಣ್ಣ-ತಮ್ಮಂದಿರನ್ನು. ಅದೇ ಮುರಕಲ್ಲು ನೆಲ, ಅದೇ ಅಗಲ, ಅದೇ ಎತ್ತರ, ಅದೇ ಇಳಿಜಾರು, ಆದರೆ ಜನರ ಕೈ ಕಡಿಮೆ ತಾಗಿದ್ದು. ಯುರೋಪಿನವರ 2000ದ ನೀರಿನ ಕಾನೂನೂ ಹೊಳೆಗಳನ್ನು ಮೊದಲು ಬಗೆ ಬಗೆಯಾಗಿ ವಿಂಗಡಿಸಿ, ಪ್ರತಿ ಬಗೆಗೂ ಬೇರೆ ಅಳತೆಗೋಲು ಇಡಿ ಅನ್ನುತ್ತದೆ. ಒಂದೇ ಜಾಗವಂತೂ ಸಾಲದು. ಒಳ್ಳೆಯ ತೋಡುಗಳೇ ಒಂದರಿಂದ ಒಂದು ಎಷ್ಟು ಬೇರೆ ಅಂತ ತಿಳಿಯದೆ ಕೆಟ್ಟದ್ದನ್ನು ಹೇಗೆ ಗುರುತಿಸುತ್ತೀರಿ? ನಾನು ಎರಡನೇ ಸಲ ಆರು ಇಟ್ಟುಕೊಂಡೆ.

ಕರಾವಳಿಯಲ್ಲಿ ಯಾರ ಕೈಯೂ ತಾಗದ ತೋಡು ಸಿಗುವುದಿಲ್ಲ, ಆ ಆಸೆ ಬೇಡ. 2006ರಲ್ಲಿ ಹೊಳೆಗಳ ಸಂಶೋಧಕ ಸ್ಟಾಡರ್ಡ್ ಮತ್ತು ಜೊತೆಯವರು ಈ ಗೊಂದಲವನ್ನು ಚೆನ್ನಾಗಿ ಬಿಡಿಸಿದ್ದಾರೆ. ಹೆಚ್ಚುಕಮ್ಮಿ ಕೆಡದೇ ಇರುವುದು ಬೇರೆ, ಇರುವುದರಲ್ಲಿ ಕಡಿಮೆ ಕೆಟ್ಟಿರುವುದು ಬೇರೆ. ನಿಮಗೆ ಸಿಗುವುದು ಎರಡನೆಯದು. ಹಾಗಂತ ಪ್ರಬಂಧದಲ್ಲಿ ನೇರವಾಗಿ ಬರೆಯಿರಿ.

ಜಾಗವನ್ನು ನೆಲ ನೋಡಿ ಆರಿಸಿ, ಹುಳ ನೋಡಿ ಆರಿಸಬೇಡಿ. ಒಳ್ಳೆಯ ಅಂಕ ಬಂದ ಜಾಗವನ್ನೇ ರೆಫರೆನ್ಸ್ ಮಾಡಿ, ಆಮೇಲೆ ರೆಫರೆನ್ಸ್ ಜಾಗಕ್ಕೆ ಒಳ್ಳೆಯ ಅಂಕ ಬಂತು ಅಂದರೆ ನಾವೇ ಪ್ರಶ್ನೆಪತ್ರಿಕೆ ಮಾಡಿ ನಾವೇ ಬರೆದ ಹಾಗೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹಿಡಿದು ತೋಡಿನ ತಲೆಯ ತನಕ ನಡೆಯಿರಿ. ಗೂಗಲ್ ಅರ್ಥ್‌ನಲ್ಲಿ ಅಡಿಕೆ ತೋಟವೂ ದೂರಕ್ಕೆ ಕಾಡಿನ ಹಾಗೇ ಕಾಣುತ್ತದೆ!

ಒಂದು ತೋಡನ್ನು ನಾನು ಹೆಚ್ಚುಕಮ್ಮಿ ಆರಿಸಿಯೇ ಬಿಟ್ಟಿದ್ದೆ. ಆಗಸ್ಟ್‌ನಲ್ಲಿ ಮಳೆ ಹೊಳವಾಗಿದ್ದ ದಿನ ದಡದಲ್ಲಿ ನಿಂತಿದ್ದಾಗ ಪಕ್ಕದ ತೋಟದ ಹಿರಿಯರು ಬಂದು, "ಎಂತ ಮಾರಾಯ್ರೇ, ಇಲ್ಲಿ ಹುಳ ಹಿಡಿಯುವುದಾ? ಮೇಲಿನ ತೋಟಕ್ಕೆ ನಿನ್ನೆಯಷ್ಟೇ ಮದ್ದು ಬಿಟ್ಟಿದ್ದಾರೆ" ಅಂದರು. ಮದ್ದು ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ತಾಮ್ರ ಮೇಫ್ಲೈ ಅನ್ನುವ ನೀರಿನ ಕೀಟದ ಮರಿಗಳಿಗೆ ವಿಷ. ನೀರು ಮಾತ್ರ ಕನ್ನಡಿಯ ಹಾಗಿತ್ತು. ನಾನು ಬೆಳಿಗ್ಗೆಯಷ್ಟೇ ಪುಸ್ತಕದಲ್ಲಿ "ಉತ್ತಮ" ಅಂತ ಬರೆದಿದ್ದೆ. ಅವರ ಜೊತೆ ಒಂದು ಲೋಟ ಚಾ ಕುಡಿದು ಕಲಿತದ್ದು ಉಪಗ್ರಹ ಚಿತ್ರದಲ್ಲಿ ಸಿಕ್ಕಿರಲಿಲ್ಲ. ಯಾವ ತೋಡಿಗೆ ಯಾವಾಗ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುತ್ತಾರೆ, ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವುದು ಯಾವಾಗ, ಬೇಸಿಗೆಯಲ್ಲಿ ಉಪ್ಪುನೀರು ಎಲ್ಲಿಯ ತನಕ ಏರುತ್ತದೆ, ಎಲ್ಲ ಅವರ ಬಾಯಲ್ಲೇ ಇತ್ತು. ಕಟ್ಟ ಬಿದ್ದ ಮೇಲೆ ತೋಡು ಕೆರೆಯಾಗುತ್ತದೆ, ಅಲ್ವಾ? ಮಳೆ ನಿಂತು ನೀರು ತಿಳಿಯಾದ ಮೇಲೆ, ಕಟ್ಟ ಹಾಕುವ ಮೊದಲು, ಎಲ್ಲ ಜಾಗದಲ್ಲೂ ಮಾದರಿ ಮುಗಿಸಿಬಿಡಿ.

ನಾಗಬನದ ಹಿಂದಿನ ತೋಡು ಈಗ ನನ್ನ ಆರರಲ್ಲಿ ಒಂದು. ಅಲ್ಲಿ ಹೋಗುವ ಮೊದಲು ಮನೆಯವರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತೇನೆ. ಸೀತಾನದಿಗೆ ಹೋಗಲೇಬೇಕೆಂದಿದ್ದರೆ ಘಾಟಿ ಹಳ್ಳಗಳನ್ನು ಘಾಟಿ ಹಳ್ಳಗಳ ಜೊತೆಗೇ ಹೋಲಿಸಿ. ಸೋಮೇಶ್ವರ ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿಗೆ ಈಗಲೇ ಅರ್ಜಿ ಹಾಕಿ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆ ಬೇಕಿದ್ದರೆ ಹೇಳಿ, ನನ್ನದೊಂದು ಅಟ್ಟದಲ್ಲಿ ಸುಮ್ನೆ ಬಿದ್ದಿದೆ.