ಸಾರ್ಜೆಂಟ್ ಪ್ಯಾರಿಸ್ ಬಿಟ್ಟಿದ್ದು ಯಾಕೆ?

ಅಷ್ಟು ಹೆಸರು ಮಾಡಿದ್ದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಯಾಕೆ ಹೋದ ಅಂತ ಕೇಳಿದ್ದೀರಿ. ನಂಬಿದರೆ ನಂಬಿ, ಬಹುಪಾಲು ಒಂದು ಗೌನಿನ ಭುಜಪಟ್ಟಿಯಿಂದ! 1884ರಲ್ಲಿ ಪ್ಯಾರಿಸ್ಸಿನ ದೊಡ್ಡ ಕಲಾಪ್ರದರ್ಶನವಾದ ಸಲೋನ್‌ಗೆ ಅವನು ಇಟ್ಟ 'ಮೇಡಂ ಎಕ್ಸ್' ಅನ್ನೋ ಹೆಂಗಸೊಬ್ಬಳ ಚಿತ್ರದಲ್ಲಿ ಆಕೆಯ ಕಪ್ಪು ಗೌನಿನ ಒಂದು ಪಟ್ಟಿ ಭುಜದಿಂದ ಜಾರಿತ್ತು, ಅಷ್ಟಕ್ಕೇ ಊರೆಲ್ಲ ಗುಲ್ಲು, ಆಕೆಯ ತಾಯಿಯಂತೂ ಚಿತ್ರ ತೆಗೆಯಿರಿ ಅಂತ ಗೋಳಾಡಿದರು. ಆಮೇಲೆ ಪಟ್ಟಿಯನ್ನು ಮೇಲಕ್ಕೆ ತಿದ್ದಿದ, ಆದರೆ ಅಲ್ಲಿ ಚಿತ್ರ ಬರೆಸುವವರು ಕಡಿಮೆಯಾದರು. 1886ಕ್ಕೆ ಲಂಡನ್ ಸೇರಿದ. ಅಲ್ಲೂ ಮೊದಮೊದಲು ಅನುಮಾನವೇ. 1893ರಲ್ಲಿ 'ಲೇಡಿ ಆಗ್ನ್ಯೂ' ಚಿತ್ರ ತೋರಿಸಿದ ಮೇಲೆ ಶ್ರೀಮಂತರು ಸಾಲುಗಟ್ಟಿದರು. ಹುಟ್ಟಿದ್ದು ಫ್ಲಾರೆನ್ಸಿನಲ್ಲಾದರೂ ಅಪ್ಪ ಅಮ್ಮ ಅಮೆರಿಕದವರು, ಅಲ್ಲಿನ ಪೌರತ್ವ ಬಿಡಲೊಲ್ಲದೆ 'ಸರ್' ಪದವಿಯನ್ನೂ ಬೇಡ ಅಂದ. ಅಂದಹಾಗೆ, ಬೈಸಿಕೊಂಡ ಆ ಚಿತ್ರವನ್ನು 1916ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೊಂಡುಕೊಂಡಿತು.