0.1 ಓಮ್ ಕಾಯಿಲ್ ಸುತ್ತಲು ಹೊರಟ ಹೊಸಬನಿಗೆ ಏನು ಹೇಳಬೇಕು?

ನೀವು ಕೇಳಿದ್ದು ಇದು: ಲೆಸ್ಟರ್‌ನಲ್ಲಿ ನಿಮ್ಮ ಜೊತೆ ಓದುವ ರೂಮ್‌ಮೇಟ್ 2025ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ಡಿಸ್ಪೋಸಬಲ್ ವೇಪ್ ನಿಷೇಧ ಆದ ಮೇಲೆ ರೀಫಿಲ್ ಮಾಡುವ ವೇಪ್‌ಗೆ ಬಂದಿದ್ದಾನೆ. ಈಗ ಯಾರಿಂದಲೋ ಸೆಕೆಂಡ್‌ಹ್ಯಾಂಡ್ ಮೆಕ್ಯಾನಿಕಲ್ ಮಾಡ್ (ಬ್ಯಾಟರಿ ಕೂರುವ ಲೋಹದ ಟ್ಯೂಬ್), ಅದರ ಜೊತೆ ಒಂದು ಆರ್‌ಡಿಎ ತಂದಿದ್ದಾನೆ. ಆರ್‌ಡಿಎ ಅಂದರೆ ಮಾಡ್ ಮೇಲೆ ತಿರುಗಿಸಿ ಕೂರಿಸುವ ಆಟೊಮೈಜರ್, ಲಿಕ್ವಿಡ್ ಕಾಯಿಸುವ ತಂತಿಯ ಸುರುಳಿಯನ್ನು, ಅಂದರೆ ಕಾಯಿಲ್ ಅನ್ನು, ಅದರಲ್ಲಿ ನಾವೇ ಸುತ್ತಿ ಹಾಕಬೇಕು. ವಿಡಿಯೊ ನೋಡಿಕೊಂಡು 0.1 ಓಮ್ ಕಾಯಿಲ್ ಸುತ್ತುತ್ತಾನಂತೆ. ಇರುವುದು ಒಂದೇ ಒಂದು ಸ್ಯಾಮ್‌ಸಂಗ್ 25ಆರ್ ಬ್ಯಾಟರಿ. ಮಾರಿದವನು "ಒಳ್ಳೆ ಬ್ಯಾಟರಿ, ಏನೂ ಆಗಲ್ಲ" ಅಂದನಂತೆ.

ಬೇಡ ಅನ್ನಿ. ಆ ಬ್ಯಾಟರಿಯ ಮೇಲೆ 0.1 ಓಮ್ ಅಂದರೆ ವರ್ಷಗಟ್ಟಲೆ ಕಾಯಿಲ್ ಸುತ್ತಿದವರೂ ಮಾಡಬಾರದ ಕೆಲಸ. ಮೆಕ್ಯಾನಿಕಲ್ ಮಾಡ್‌ನಲ್ಲಿ ಚಿಪ್ ಇರಲ್ಲ. ಬ್ಯಾಟರಿ, ಬಟನ್, ಕಾಯಿಲ್, ಅಷ್ಟೇ. ಎಷ್ಟು ಕರೆಂಟ್ ಹರಿಯಬೇಕು ಅನ್ನೋದನ್ನ ಕಾಯಿಲ್‌ನ ರೆಸಿಸ್ಟೆನ್ಸ್ ತೀರ್ಮಾನಿಸುತ್ತೆ, ತಡೆಯೋಕೆ ಮಧ್ಯೆ ಯಾರೂ ಇಲ್ಲ. ಫುಲ್ ಚಾರ್ಜ್ ಆದ ಸೆಲ್ 4.2 ವೋಲ್ಟ್. ಅದನ್ನು 0.1ರಿಂದ ಭಾಗಿಸಿದರೆ 42 ಆಂಪ್ಸ್. 25ಆರ್ ಸತತವಾಗಿ ಕೊಡಬಹುದಾದ ಗರಿಷ್ಠ ಕರೆಂಟ್ 20 ಆಂಪ್ಸ್. ಅಂದರೆ ಬಟನ್ ಒತ್ತಿದಾಗಲೆಲ್ಲ ಮಿತಿಗಿಂತ ಎರಡು ಪಟ್ಟು ಮೀರಿ ಎಳೆದ ಹಾಗೆ.

"ಲೋಡ್ ಬಿದ್ದಾಗ ವೋಲ್ಟೇಜ್ ಇಳಿಯುತ್ತೆ, ನಿಜವಾಗಿ 42 ಬರಲ್ಲ" ಅಂತ ಅವನು ವಾದಿಸಬಹುದು, ವಿಡಿಯೊಗಳಲ್ಲಿ ಇದೇ ಮಾತು ಕೇಳಿಬರುತ್ತೆ. ಇಳಿಯೋದು ನಿಜ. ಆದರೆ ಇಳಿದ ಆ ವೋಲ್ಟೇಜ್ ಹೋಗಿದ್ದೆಲ್ಲಿಗೆ ಅಂತ ಅವನನ್ನೇ ಕೇಳಿ. ಸೆಲ್‌ನ ಒಳಗಿನ ರೆಸಿಸ್ಟೆನ್ಸ್‌ನಲ್ಲಿ ಶಾಖವಾಗಿ ಹೋಗಿದೆ. ಅವನು ಸಮಾಧಾನ ಅಂದುಕೊಂಡಿರುವುದೇ ಬ್ಯಾಟರಿಯನ್ನು ಒಳಗಿನಿಂದ ಬಿಸಿ ಮಾಡುತ್ತಿರುವುದು. ಸೆಲ್ ಒಳಗೆ ಪಾಸಿಟಿವ್ ಪದರವನ್ನೂ ನೆಗೆಟಿವ್ ಪದರವನ್ನೂ ಬೇರೆಬೇರೆ ಇಟ್ಟಿರುವುದು ಒಂದು ತೆಳು ಪ್ಲಾಸ್ಟಿಕ್ ಹಾಳೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಕರಗೋಕೆ ಶುರುವಾಗುತ್ತೆ. ಅದು ಹೋದರೆ ಒಳಗೇ ಶಾರ್ಟ್. ಎಲೆಕ್ಟ್ರೊಲೈಟ್ ಬೆಂಕಿ ಹತ್ತುವ ದ್ರವ. ಆಮೇಲೆ ಬಟನ್ ಬಿಟ್ಟರೂ ನಿಲ್ಲಲ್ಲ.

ಮೀಟರ್ ವಿಷಯಕ್ಕೆ ಬರೋಣ, ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಅಗ್ಗದ ಓಮ್ ಮೀಟರ್‌ಗಳು 0.02ರಿಂದ 0.05 ಓಮ್ ಆಚೀಚೆ ತೋರಿಸುವುದು ಸಾಮಾನ್ಯ. ಕಾಯಿಲ್ 0.5 ಓಮ್ ಇದ್ದು ಮೀಟರ್ 0.05 ತಪ್ಪಿದರೆ 8.4 ಆಂಪ್ಸ್ ಅಂದುಕೊಂಡಲ್ಲಿ 9.3 ಹರಿಯುತ್ತೆ, ಏನೂ ತೊಂದರೆ ಇಲ್ಲ. ಅದೇ ಮೀಟರ್ 0.1 ಅಂತ ತೋರಿಸಿ ನಿಜಕ್ಕೂ 0.05 ಇದ್ದರೆ ಲೆಕ್ಕ 84 ಆಂಪ್ಸ್‌ಗೆ ಹೋಗುತ್ತೆ. ಓಮ್ ಇಳಿದಷ್ಟೂ ತಪ್ಪಿಗೆ ಜಾಗ ಕಡಿಮೆ. ಹೊಸಬನ ಕೈಯಲ್ಲಿ ತಪ್ಪು ಆಗೇ ಆಗುತ್ತೆ.

ತಂತಿ ಬದಲಾದರೂ ಸಾಕು, ಮಿತಿ ದಾಟೋಕೆ. ಒಂದು ಬಿಲ್ಡ್, ಅಂದರೆ ಕಾಯಿಲ್ ಸುತ್ತುವ ಒಂದು ಅಳತೆ ತೆಗೆದುಕೊಳ್ಳಿ: 24 ಗೇಜ್ (ಸುಮಾರು ಅರ್ಧ ಮಿಮೀ ದಪ್ಪ) ಕಾಂತಾಲ್ ಎ1 ತಂತಿ, 3 ಮಿಮೀ ಒಳವ್ಯಾಸ, 6 ಸುತ್ತು, ಎರಡು ಕಾಲು ಸೇರಿ 10 ಮಿಮೀ. ಒಂದು ಸುತ್ತಿಗೆ ಸುಮಾರು 11 ಮಿಮೀ ತಂತಿ ಹಿಡಿಯುತ್ತೆ, ಒಟ್ಟು 76 ಮಿಮೀ. ಈ ಕಾಂತಾಲ್ ಒಂದು ಮೀಟರ್ ಉದ್ದಕ್ಕೆ ಸುಮಾರು 7 ಓಮ್, ಆದ್ದರಿಂದ ಒಂದು ಕಾಯಿಲ್ 0.54 ಓಮ್. ಡ್ಯುಯಲ್, ಅಂದರೆ ಅಂಥವೇ ಎರಡು ಕಾಯಿಲ್ ಪಕ್ಕಪಕ್ಕ ಹಾಕಿದರೆ ಅರ್ಧ, 0.27. ಫುಲ್ ಚಾರ್ಜ್‌ನಲ್ಲಿ 15.6 ಆಂಪ್ಸ್, 25ಆರ್ ತಡೆದುಕೊಳ್ಳುತ್ತೆ. ಈಗ ಸುತ್ತು ಅಷ್ಟೇ ಇಟ್ಟು, ಗೇಜ್ ಅದೇ ಇಟ್ಟು ನೈಕ್ರೋಮ್ 80 ತಂತಿ ಹಾಕಿ. ಮೀಟರ್‌ಗೆ ಸುಮಾರು 5.3 ಓಮ್ ಆದ್ದರಿಂದ ಡ್ಯುಯಲ್ ಕಾಯಿಲ್ 0.20ಕ್ಕೆ ಬೀಳುತ್ತೆ, 21 ಆಂಪ್ಸ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. "ವಿಡಿಯೊದಲ್ಲಿ 6 ಸುತ್ತು ಅಂದಿದ್ದರು" ಅಂತ ರೀಲ್‌ನ ಚೀಟಿ ನೋಡದೆ ಸುತ್ತಿದವನು ಮಿತಿ ದಾಟಿದ್ದು ಅವನಿಗೇ ಗೊತ್ತಾಗಲ್ಲ.

ಬ್ಯಾಟರಿಯ ಮೇಲೆ ಬರೆದಿದ್ದನ್ನು ನಂಬುವಾಗಲೂ ಹುಷಾರು. ಎಷ್ಟೋ ಕಂಪನಿಗಳು ಸ್ವಂತ ಸೆಲ್ ಮಾಡಲ್ಲ. ಬೇರೆಯವರ ಸೆಲ್‌ಗೆ ಹೊಸ ಹೊದಿಕೆ ಹಾಕಿ "35ಎ", "40ಎ" ಅಂತ ಅಚ್ಚು ಹಾಕುತ್ತವೆ. ಅದು ಬಹುಪಾಲು ಪಲ್ಸ್ ಲೆಕ್ಕ, ಅಂದರೆ ಕ್ಷಣಮಾತ್ರಕ್ಕೆ ಕೊಡಬಹುದಾದ ಕರೆಂಟ್. ನೋಡಬೇಕಾದ್ದು ಸೆಲ್ ತಯಾರಿಸಿದವರ ಡೇಟಾಶೀಟ್‌ನಲ್ಲಿರುವ ಕಂಟಿನ್ಯುಯಸ್ ಡಿಸ್ಚಾರ್ಜ್. ಸ್ಯಾಮ್‌ಸಂಗ್ 25ಆರ್ 2500 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ), 20 ಆಂಪ್ಸ್. ಸ್ಯಾಮ್‌ಸಂಗ್ 30ಕ್ಯೂ 3000 ಎಂಎಎಚ್, ಆದರೆ 15 ಆಂಪ್ಸ್. ಸೋನಿ ವಿಟಿಸಿ5ಎ 2600 ಎಂಎಎಚ್, 25 ಆಂಪ್ಸ್. ಹೆಚ್ಚು ಎಂಎಎಚ್ ಇದ್ದದ್ದೇ ಗಟ್ಟಿ ಬ್ಯಾಟರಿ ಅಂದುಕೊಳ್ಳುವುದು ತಪ್ಪು, ಎಷ್ಟೋ ಸಲ ಅದು ತಲೆಕೆಳಗಾಗಿರುತ್ತೆ. 18650 (25ಆರ್‌ನಂಥ ಸೆಲ್‌ಗಳ ಸೈಜಿನ ಹೆಸರು) ಮೇಲೆ 9900 ಎಂಎಎಚ್ ಅಂತ ಇದ್ದರೆ ಅದು ಖೋಟಾ. ಹಳೆ ಲ್ಯಾಪ್‌ಟಾಪ್ ಪ್ಯಾಕ್‌ನಿಂದ ಬಿಡಿಸಿದ ಸೆಲ್ ಅಂತೂ ಈ ಕೆಲಸಕ್ಕೆ ಬೇಡವೇ ಬೇಡ.

ಇನ್ನು ಆ ಮಾಡ್. ಅದು ಹೈಬ್ರಿಡ್ ಟಾಪ್ ಇದ್ದದ್ದಾ ಅಂತ ಮೊದಲು ನೋಡಿ. ಹೈಬ್ರಿಡ್‌ನಲ್ಲಿ ಆಟೊಮೈಜರ್‌ನ ಅಡಿಯ 510 ಪಿನ್ (ಕರೆಂಟ್ ಒಳಗೆ ಹೋಗುವ ನಡುವಿನ ಮೊಳೆ) ನೇರವಾಗಿ ಬ್ಯಾಟರಿಯ ಪಾಸಿಟಿವ್ ತುದಿಗೇ ಒತ್ತಿಕೊಳ್ಳುತ್ತೆ. ಪಿನ್‌ನ ಸುತ್ತ ಇರುವ ಥ್ರೆಡ್ ನೆಗೆಟಿವ್. ಪಿನ್ ಥ್ರೆಡ್‌ಗಿಂತ ಸ್ಪಷ್ಟವಾಗಿ ಹೊರಗೆ ಚಾಚಿಲ್ಲದಿದ್ದರೆ ಥ್ರೆಡ್‌ನ ಅಂಚೂ ಬ್ಯಾಟರಿಯ ತುದಿಗೆ ತಾಗುತ್ತೆ. ಬಟನ್ ಒತ್ತಿದ ಕೂಡಲೇ ಕರೆಂಟ್ ಕಾಯಿಲ್‌ನ ದಾರಿ ಬಿಟ್ಟು ನೇರ ಶಾರ್ಟ್ ಆಗುತ್ತೆ, ಆಗ ಕಾಯಿಲ್ 0.1 ಇರಲಿ 1 ಓಮ್ ಇರಲಿ ವ್ಯತ್ಯಾಸ ಇಲ್ಲ. ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ: 18650ರ ಮೈಯೆಲ್ಲ ನೆಗೆಟಿವ್, ಪಾಸಿಟಿವ್ ತುದಿಯ ಪಕ್ಕದ ಭುಜದವರೆಗೂ. ನಡುವೆ ಇರುವುದು ಒಂದು ಕಾಗದದಂಥ ಉಂಗುರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಥ್ರೆಡ್‌ನ ಅಂಚು ಅವನ್ನು ಕೊರೆದು ಭುಜಕ್ಕೂ ತುದಿಗೂ ಒಟ್ಟಿಗೆ ತಾಗಿದರೆ ಬಟನ್ ಒತ್ತುವುದೂ ಬೇಕಿಲ್ಲ. ಹೊದಿಕೆ ಪಕ್ಕದಲ್ಲಿ ಹರಿದಿದ್ದರೆ ಬ್ಯಾಟರಿಯ ಮೈ ಟ್ಯೂಬ್‌ಗೆ ತಾಗಿ ಕಾಯಿಲ್ ತಾನೇ ಕಾಯುತ್ತೆ, ಜೇಬಿನಲ್ಲಿದ್ದರೂ. ರೆಡಿಮೇಡ್ ಕಾಯಿಲ್ ಹಾಕುವ ಟ್ಯಾಂಕ್‌ಗಳಲ್ಲಿ ಪಿನ್ ಚಪ್ಪಟೆ ಇರುವುದೇ ಹೆಚ್ಚು, ಸ್ಪ್ರಿಂಗ್ ಇರುವುದೂ ಉಂಟು. ಅವನ್ನು ಹೈಬ್ರಿಡ್ ಮೇಲೆ ಕೂರಿಸಲೇಬಾರದು.

ಟ್ಯೂಬ್‌ನಲ್ಲಿ ಅನಿಲ ಹೊರಹೋಗುವ ರಂಧ್ರಗಳು ಇವೆಯಾ ನೋಡಿ. ಅಗ್ಗದ ನಕಲಿಗಳಲ್ಲಿ ಇಲ್ಲದೆಯೂ ಇರಬಹುದು, ಇದ್ದರೂ ಕೊಳೆ ಕಟ್ಟಿಕೊಂಡಿರಬಹುದು. ಸೆಲ್ ಒಳಗಿನಿಂದ ಉಗುಳಿದ ಅನಿಲಕ್ಕೆ ದಾರಿ ಇಲ್ಲದಿದ್ದರೆ ಲೋಹದ ಟ್ಯೂಬ್ ಬಾಂಬ್ ಆಗುತ್ತೆ, ಅದು ಇರುವುದು ಮುಖದ ಮುಂದೆ. 2018ರ ಮೇ ತಿಂಗಳಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 38 ವರ್ಷದವರೊಬ್ಬರು ಸತ್ತಿದ್ದು ಚಿಪ್ ಇಲ್ಲದ ಮಾಡ್ ಸಿಡಿದು ಅದರ ತುಂಡುಗಳು ತಲೆಗೆ ಹೊಕ್ಕಿದ್ದರಿಂದ. 2019ರ ಜನವರಿಯಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ 24ರ ಯುವಕನ ಕತ್ತಿನ ರಕ್ತನಾಳ ಕತ್ತರಿಸಿಹೋಯಿತು. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗಿನ 195 ಘಟನೆಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿ 61 ಆಗಿದ್ದು ಮಾಡ್ ಅಥವಾ ಬಿಡಿ ಬ್ಯಾಟರಿ ಜೇಬಿನಲ್ಲಿದ್ದಾಗ. ಬಿಡಿ ಬ್ಯಾಟರಿಗೆ ಪ್ಲಾಸ್ಟಿಕ್ ಡಬ್ಬಿ ಕಡ್ಡಾಯ ಅನ್ನೋದು ಅದಕ್ಕೇ. ಜೇಬಿನ ಕೀ, ಚಿಲ್ಲರೆ ಸಾಕು ಶಾರ್ಟ್ ಆಗೋಕೆ.

ಬರೀ ಬೇಡ ಅಂದರೆ ಅವನು ಕೇಳಲ್ಲ, ಗೊತ್ತು. ಅವನಿಗೆ ಬೇಕಾಗಿರುವುದು ದಟ್ಟ ಹೊಗೆ. ಅದಕ್ಕೆ ಓಮ್ ಇಳಿಸಬೇಕು ಅನ್ನೋದೇ ತಪ್ಪು ತಿಳಿವಳಿಕೆ. ಮೆಕ್ಯಾನಿಕಲ್‌ನಲ್ಲಿ ವೋಲ್ಟೇಜ್ ನಮ್ಮ ಕೈಯಲ್ಲಿಲ್ಲ, ವಾಟ್ ಏರಿಸೋಕೆ ಓಮ್ ಇಳಿಸುವುದೊಂದೇ ದಾರಿ. ಆದರೆ ರೆಗ್ಯುಲೇಟೆಡ್ ಬಾಕ್ಸ್‌ನಲ್ಲಿ, ಅಂದರೆ ಚಿಪ್ ಇರುವ ಮಾಡ್‌ನಲ್ಲಿ, ವಾಟ್ ನೇರವಾಗಿ ಸೆಟ್ ಮಾಡಬಹುದು. 60 ವಾಟ್ ಅಂದರೆ 0.5 ಓಮ್‌ನಲ್ಲೂ 60, 0.15ರಲ್ಲೂ 60. ಹೊಗೆ ಹೆಚ್ಚುವುದು ಕಾಯಿಲ್‌ನ ಮೇಲ್ಮೈ, ಗಾಳಿಯ ರಂಧ್ರ, ಕಾಯಿಲ್ ಒಳಗಿನ ಹತ್ತಿ ದ್ರವ ಎಳೆಯುವ ವೇಗ, 70 ಶೇಕಡಾ ಅಥವಾ ಹೆಚ್ಚು ವಿಜಿ (ವೆಜಿಟಬಲ್ ಗ್ಲಿಸರಿನ್) ಇರುವ ಲಿಕ್ವಿಡ್ ಇವುಗಳಿಂದ. ಎರಡು ಬ್ಯಾಟರಿಯ ಒಂದು ಒಳ್ಳೆ ಬಾಕ್ಸ್ ತೆಗೆದುಕೊಳ್ಳಲಿ. ಶಾರ್ಟ್ ಇದ್ದರೆ ಉರಿಯಲ್ಲ, ಬಟನ್ ಸಿಕ್ಕಿಕೊಂಡರೆ ಕೆಲವು ಸೆಕೆಂಡಿನಲ್ಲಿ ತಾನೇ ನಿಲ್ಲುತ್ತೆ, ಬ್ಯಾಟರಿ ತೀರಾ ಇಳಿದರೆ ಕತ್ತರಿಸುತ್ತೆ.

ಬಾಕ್ಸ್‌ನಲ್ಲಿ ಲೆಕ್ಕ ಬೇರೆ ಅನ್ನೋದನ್ನೂ ಹೇಳಿ. ಇಲ್ಲಿ ಬ್ಯಾಟರಿಯ ಮೇಲಿನ ಭಾರ ಓಮ್‌ನಿಂದಲ್ಲ, ವಾಟ್‌ನಿಂದ ಬರುತ್ತೆ, ಮತ್ತು ಅದು ಹೆಚ್ಚಾಗುವುದು ಚಾರ್ಜ್ ಇಳಿದಾಗ. ಒಂದು ಬ್ಯಾಟರಿಗೆ ಬೀಳುವ ವಾಟ್ ಅನ್ನು 3.2 ವೋಲ್ಟ್‌ನಿಂದ (ಚಾರ್ಜ್ ಇಳಿದಾಗಿನ ವೋಲ್ಟೇಜ್), ಆಮೇಲೆ 0.9ರಿಂದ (ಚಿಪ್‌ನಲ್ಲಿ ಆಗುವ ನಷ್ಟಕ್ಕೆ) ಭಾಗಿಸಿ. 80 ವಾಟ್ ಒಂದೇ ಬ್ಯಾಟರಿಯಲ್ಲಿ ಎಳೆದರೆ ಸುಮಾರು 28 ಆಂಪ್ಸ್, 25ಆರ್‌ಗೆ ಅತಿ. ಅದನ್ನೇ ಹಾಕುವುದಾದರೆ ಒಂಟಿ ಬ್ಯಾಟರಿಗೆ 55 ವಾಟ್, ಜೋಡಿಗೆ 110 ವಾಟ್ ಮೀರಬೇಡಿ. ಜೋಡಿ ಬ್ಯಾಟರಿ ಒಂದೇ ಮಾಡೆಲ್, ಒಟ್ಟಿಗೆ ಕೊಂಡದ್ದು, ಯಾವಾಗಲೂ ಒಟ್ಟಿಗೇ ಚಾರ್ಜ್ ಮಾಡಿದ್ದು ಇರಲಿ.

ಮೊದಲ ಬಿಲ್ಡ್‌ಗೆ ನಾನು ಹೇಳುವುದು ಒಂದೇ ಕಾಯಿಲ್: 24 ಗೇಜ್ ಕಾಂತಾಲ್, 3 ಮಿಮೀ, 7 ಸುತ್ತು, 35ರಿಂದ 40 ವಾಟ್. ಸುತ್ತುವ ಮುಂಚೆಯೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಲಿ, ಇದಕ್ಕೆ ಸುಮಾರು 0.6 ಓಮ್ ಬರಬೇಕು. ಮೀಟರ್ 0.3 ತೋರಿಸಿದರೆ ಎಲ್ಲೋ ಏನೋ ತಾಗುತ್ತಿದೆ. ಅಂಕಿ ಕುಣಿಯುತ್ತಿದ್ದರೆ ಪೋಸ್ಟ್‌ನ, ಅಂದರೆ ತಂತಿಯ ಕಾಲು ಹಿಡಿಯುವ ಕಂಬದ, ಸ್ಕ್ರೂ ಸಡಿಲ. ಕ್ಯಾಪ್ ಹಾಕಿದಾಗ ಅಂಕಿ ಬದಲಾದರೆ ಕಾಯಿಲ್ ಅಥವಾ ಕತ್ತರಿಸದೆ ಉಳಿದ ತಂತಿಯ ಕಾಲು ಕ್ಯಾಪ್‌ಗೆ ಮುಟ್ಟಿದೆ. ಕಾಲುಗಳನ್ನು ಪೋಸ್ಟ್‌ಗೆ ಸಮವಾಗಿ ಕತ್ತರಿಸಬೇಕು, ಕಾಯಿಲ್ ಮತ್ತು ಡೆಕ್ (ಅದರ ಕೆಳಗಿನ ಲೋಹದ ತಟ್ಟೆ) ನಡುವೆ ಬೆಳಕು ಕಾಣುವಷ್ಟು ಅಂತರ ಬೇಕು. ಕಡಿಮೆ ವಾಟ್‌ನಲ್ಲಿ ಕಾಯಿಸಿ, ನಡುವಿನಿಂದ ಹೊರಕ್ಕೆ ಸಮವಾಗಿ ಕೆಂಪಾದ ಮೇಲೆ ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡಿ ಮತ್ತೆ ಅಳೆಯಲಿ. ಹತ್ತಿ ಹಾಕುವುದು ಅದಾದ ಮೇಲೆಯೇ. ಪಾಡ್‌ನಲ್ಲಿ (ಚಿಕ್ಕ ರೀಫಿಲ್ ವೇಪ್) ಬಳಸಿದ 20 ಎಂಜಿ ನಿಕ್ ಸಾಲ್ಟ್, ಅಂದರೆ ಗಾಢ ನಿಕೋಟಿನ್ ಲಿಕ್ವಿಡ್, ಇದಕ್ಕೆ ಸುರಿಯಬಾರದು, ನಾಲ್ಕು ದಮ್ಮಿಗೆ ತಲೆ ತಿರುಗಿ ವಾಂತಿ ಬರುತ್ತೆ. 3 ಎಂಜಿ ಸಾಕು.

ಮಾಡ್ ಬರೀ ಬಿಸಿಯಾಗುತ್ತಿದ್ದು ಬಟನ್ ಸಿಕ್ಕಿಕೊಂಡಿದ್ದರೆ ಆಟೊಮೈಜರ್ ತಕ್ಷಣ ತಿರುಗಿಸಿ ಬಿಡಿಸಬೇಕು. ಹಿಸ್ ಅನ್ನುವ ಸದ್ದು, ಸಿಹಿ ಮಿಶ್ರಿತ ಕೆಮಿಕಲ್ ವಾಸನೆ, ಹಿಡಿಯಲಾಗದ ಬಿಸಿ, ಇವುಗಳಲ್ಲಿ ಯಾವುದೇ ಇದ್ದರೂ ಬಿಚ್ಚಲು ಹೋಗಬೇಡಿ. ಹೊರಗೆ ಕಾಂಕ್ರೀಟ್ ಮೇಲೆ ಎಸೆದು ದೂರ ಹೋಗಿ, ಬೆಂಕಿ ಹತ್ತಿದರೆ ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ಸುಟ್ಟಿದ್ದರೆ ತಣ್ಣನೆಯ ಹರಿಯುವ ನೀರು ಕನಿಷ್ಠ 20 ನಿಮಿಷ, ಆಮೇಲೆ ಆಸ್ಪತ್ರೆ. ಅಲ್ಲಿ "ಲಿಥಿಯಂ ಬ್ಯಾಟರಿ" ಅಂತ ಮರೆಯದೆ ಹೇಳಿ, ಕೆಮಿಕಲ್ ಸುಟ್ಟಗಾಯಕ್ಕೆ ಚಿಕಿತ್ಸೆ ಬೇರೆ ಇರುತ್ತೆ. ಹೊದಿಕೆ ಹರಿದ, ನೆಗ್ಗಿದ, ಒಮ್ಮೆ ಅತಿಯಾಗಿ ಬಿಸಿಯಾದ ಸೆಲ್ ಮತ್ತೆ ಬೇಡ. ತುದಿಗಳಿಗೆ ಟೇಪ್ ಸುತ್ತಿ ಸೂಪರ್‌ಮಾರ್ಕೆಟ್‌ನ ಬ್ಯಾಟರಿ ರೀಸೈಕ್ಲಿಂಗ್‌ಗೆ ಕೊಡಿ, ಮನೆಯ ಕಸದ ಬುಟ್ಟಿಗೆ ಅಲ್ಲ. ಹೊದಿಕೆ ಮಾತ್ರ ಹರಿದು ಸೆಲ್ ಚೆನ್ನಾಗಿದ್ದರೆ ಹೊಸ ಹೊದಿಕೆ ಹಾಕಬಹುದು, ಆದರೆ ಅದನ್ನು ಹೊಸಬ ತೀರ್ಮಾನಿಸುವುದು ಬೇಡ.

ಸೆಮಿಸ್ಟರ್ ರಜೆಗೆ ಊರಿಗೆ ಬರುವಾಗ ಇದ್ಯಾವುದನ್ನೂ ಸೂಟ್‌ಕೇಸ್‌ಗೆ ಹಾಕಬೇಡಿ ಅಂತಲೂ ಹೇಳಿ. ಕರ್ನಾಟಕದಲ್ಲಿ ಇ-ಸಿಗರೇಟ್ ಮಾರಾಟಕ್ಕೆ 2016ರಲ್ಲೇ ನಿಷೇಧ ಬಂತು. 2019ರ ಕೇಂದ್ರದ ಕಾಯ್ದೆ ಇಡೀ ದೇಶದಲ್ಲಿ ಆಮದನ್ನೂ ನಿಷೇಧಿಸಿದೆ, ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ.